ಎಡೆಸಾಲಿಗೆ ಇಳಿದ ಟಿಲ್ಲರ್

ಮುಂಗಾರಿನಲ್ಲಿ ಬಿತ್ತಿದವರಿಗೆಲ್ಲ ಗೊತ್ತಿರುವ ಸಂಗತಿ ಇದು: ನಾವು ಹಾಕಿದ ಬೀಜ ಮೇಲೇಳುವ ಮೊದಲೇ ನಾವು ಹಾಕದ ಬೀಜ ಮೇಲೆದ್ದಿರುತ್ತದೆ. ಹದವಾದ ಮಳೆ ಬಿದ್ದು ಒಂದು ವಾರ ಕಳೆಯಲಿ, ಹೊಲದ ತುಂಬ ತೆಳ್ಳಗೆ ಹಸಿರು ಹರಡುತ್ತದೆ. ಅದರಲ್ಲಿ ನಮ್ಮದು ಯಾವುದು, ಅಣ್ಣೆ ಸೊಪ್ಪು ಯಾವುದು ಎಂದು ತಿಳಿಯಬೇಕಾದರೆ ಮೊಣಕಾಲೂರಿ ನೋಡಬೇಕು. ಅಷ್ಟರಲ್ಲಿ ಊರಿನ ಎಲ್ಲ ಹೊಲಗಳಲ್ಲೂ ಅದೇ ಪಾಡು. ಕಳೆಗೆ ಬನ್ನಿ ಎಂದು ಕರೆಯುವವರು ಹತ್ತು ಜನ, ಬರುವ ಆಳು ಇಬ್ಬರು. ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುವುದರೊಳಗೆ ಇನ್ನೊಂದು ಮಳೆ ಬೀಳುತ್ತದೆ. ಬೆರಳುದ್ದ ಇದ್ದ ಕಳೆ ಗೇಣುದ್ದ ಆಗುತ್ತದೆ.

ಇಂಥ ಹೊತ್ತಿನಲ್ಲಿ ಕೈಹಿಡಿಯುವ ಒಂದು ಚಿಕ್ಕ ಯಂತ್ರದ ಬಗ್ಗೆ ಸಾವಕಾಶವಾಗಿ ಮಾತಾಡಬೇಕೆಂಬುದು ನನ್ನ ಬಹುದಿನದ ಆಸೆ. ಅಂಗಡಿಯವರು ಪವರ್ ವೀಡರ್ ಎನ್ನುತ್ತಾರೆ, ಕೆಲವರು ಮಿನಿ ಟಿಲ್ಲರ್ ಎನ್ನುತ್ತಾರೆ, ನಮ್ಮ ಕಡೆ ಕಳೆ ಮಿಷನ್ ಎಂದರೆ ಸಾಕು. ಎರಡು ಹಿಡಿ, ಒಂದು ಪೆಟ್ರೋಲ್ ಎಂಜಿನ್, ಅದರಡಿ ಗೇರ್‌ಬಾಕ್ಸ್, ಗೇರ್‌ಬಾಕ್ಸಿನ ಎರಡೂ ಪಕ್ಕದಲ್ಲಿ ತಿರುಗುವ ಬ್ಲೇಡುಗಳು, ಹಿಂದೆ ನೆಲಕ್ಕೂರಿದ ಒಂದು ಕಬ್ಬಿಣದ ಕಡ್ಡಿ. ಹಲವು ಮಾದರಿಗಳಲ್ಲಿ ಕೆಲಸದ ಹೊತ್ತಿನಲ್ಲಿ ಚಕ್ರವೂ ಇರುವುದಿಲ್ಲ. ಬ್ಲೇಡುಗಳೇ ನೆಲ ಕೆದಕುತ್ತ ಯಂತ್ರವನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತವೆ. ನೋಡಿದರೆ ಇಷ್ಟೇ. ಆದರೆ ಇದನ್ನು ಚೆನ್ನಾಗಿ ನಡೆಸಿದವನ ಹೊಲಕ್ಕೂ ಸುಮ್ಮನೆ ಓಡಿಸಿದವನ ಹೊಲಕ್ಕೂ ಇರುವ ವ್ಯತ್ಯಾಸ ರಸ್ತೆಯಿಂದಲೇ ಕಾಣುತ್ತದೆ.

ನನ್ನ ಮಾತು ಒಂದೇ: ಟಿಲ್ಲರಿನಿಂದ ಕಳೆ ತೆಗೆಯುವ ಕೆಲಸ ಶುರುವಾಗುವುದು ಕಳೆ ಹುಟ್ಟಿದ ಮೇಲಲ್ಲ, ಬಿತ್ತನೆಯ ದಿನ. ಯಂತ್ರಕ್ಕೆ ಕಣ್ಣಿಲ್ಲ. ಬೆಳೆ ಎಲ್ಲಿದೆ, ಕಳೆ ಎಲ್ಲಿದೆ ಎಂದು ಅದಕ್ಕೆ ಹೇಳುವುದು ಸಾಲು. ಸಾಲು ನೇರವಾಗಿದ್ದು, ಎರಡು ಸಾಲಿನ ನಡುವಿನ ಎಡೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇದ್ದರೆ ಮಾತ್ರ ಟಿಲ್ಲರಿಗೆ ದಾರಿ. ಹಾಗಾಗಿ ಬಿತ್ತುವ ಮೊದಲು ಅಳೆಯಬೇಕಾದದ್ದು ಹೊಲವನ್ನಲ್ಲ, ಯಂತ್ರವನ್ನು. ಬ್ಲೇಡಿನ ಹೊರತುದಿಯಿಂದ ಹೊರತುದಿಗೆ 18 ಅಂಗುಲ ಇದೆ ಎನ್ನಿ. ಎರಡೂ ಕಡೆ ಬೇರಿಗೆ ಪೆಟ್ಟಾಗದಂತೆ ನಾಲ್ಕು ನಾಲ್ಕು ಅಂಗುಲ ಬಿಟ್ಟರೆ ಎಡೆ 26 ಅಂಗುಲ ಆಗಬೇಕು. ಮುಸುಕಿನ ಜೋಳದ ಎರಡಡಿ ಸಾಲಿಗೆ ಈ ಯಂತ್ರ ಇಳಿಸಬೇಕಾದರೆ ಹೊರಗಿನ ಒಂದೊಂದು ಬ್ಲೇಡ್ ಸೆಟ್ಟನ್ನು ಕಳಚಿ ಅಗಲ ಕಡಿಮೆ ಮಾಡಿಕೊಳ್ಳಬೇಕು. ಮೂರಡಿಗೆ ನೆಟ್ಟ ಟೊಮೆಟೊ, ಹತ್ತಿಗಳಲ್ಲಿ ಮೊದಲ ತಿಂಗಳು ಧಾರಾಳವಾಗಿ ಓಡಾಡಬಹುದು. ಒಂದಡಿ ಸಾಲಿನ ರಾಗಿಗೆ ಈ ಯಂತ್ರ ತರುವ ಯೋಚನೆಯೇ ಬೇಡ; ಅಲ್ಲಿ ಕುಂಟೆಯೋ ಸೈಕಲ್ ಚಕ್ರದ ಕೈಗುಂಟೆಯೋ ಮೇಲು. ಹಾವೇರಿ ಕಡೆಯ ಗುಳಿ ರಾಗಿ ಬೇರೆ. ಅಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆ ಕೂಡಿದ ಕಡೆ ಗುಳಿಯಲ್ಲಿ ಪೈರು ನೆಡುತ್ತಾರೆ. ಹಾಗಾಗಿ ಎರಡೂ ದಿಕ್ಕಿನಿಂದ ಎಡೆ ಹೊಡೆಯಲು ಬರುತ್ತದೆ. ಈ ಉಪಾಯ ಕಂಡುಕೊಂಡ ರೈತರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ನಮ್ಮ ಹಿರಿಯರಿಗೆ ಈ ಲೆಕ್ಕ ಕೂರಿಗೆಯಲ್ಲೇ ಇತ್ತು. ಕೂರಿಗೆಯ ತಾಳುಗಳ ನಡುವೆ ಎಷ್ಟು ಅಂತರವೋ ಅದಕ್ಕೆ ತಕ್ಕಂತೆ ಎಡೆಕುಂಟೆಯ ಕುಡ. ಬಿತ್ತುವ ಸಾಧನ, ಕಳೆ ತೆಗೆಯುವ ಸಾಧನ ಎರಡನ್ನೂ ಒಬ್ಬನೇ ಬಡಗಿ ಒಂದೇ ಅಳತೆಗೋಲಿನಲ್ಲಿ ಮಾಡಿಕೊಡುತ್ತಿದ್ದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಪ್ರವಾಸಿ ಮೈಸೂರು ಸೀಮೆಯಲ್ಲಿ ಓಡಾಡಿದಾಗ ಕೂರಿಗೆ, ಕುಂಟೆಗಳನ್ನು ನಿಂತು ನೋಡಿದ, ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ನಮ್ಮ ಬೇಸಾಯದ ಸಲಕರಣೆಗಳ ವಿವರ ಇದೆ. ಅವನ ದೇಶದಲ್ಲಿ ಸಾಲುಬಿತ್ತನೆಯ ಮಾತು ಎತ್ತಿದವನು ಜೆತ್ರೋ ಟಲ್. 1701ರ ಹೊತ್ತಿಗೆ ಅವನು ಬೀಜ ಬಿತ್ತುವ ಯಂತ್ರವೊಂದನ್ನು ಕಟ್ಟಿದ. 1731ರಲ್ಲಿ ಕುದುರೆ ಹೂಡಿ ಎಡೆ ಹೊಡೆಯುವ ಬೇಸಾಯದ ಬಗ್ಗೆ ಪುಸ್ತಕವನ್ನೇ ಬರೆದ. ಮಣ್ಣನ್ನು ನುಣ್ಣಗೆ ಮಾಡಿದರೆ ಬೇರು ಆ ಮಣ್ಣಿನ ಕಣಗಳನ್ನೇ ತಿಂದು ಬೆಳೆಯುತ್ತದೆ ಎಂದು ಅವನು ನಂಬಿದ್ದ. ಆ ನಂಬಿಕೆ ತಪ್ಪು. ಆದರೆ ಸಾಲು ಬಿಟ್ಟು ಬಿತ್ತಿ, ಬೆಳೆ ನಿಂತಿರುವಾಗಲೇ ನಡುವೆ ಮಣ್ಣು ಕದಲಿಸಬೇಕು ಎಂಬ ಮಾತು ಸರಿ. ಇವತ್ತಿನ ಟಿಲ್ಲರ್ ನಡೆಯುವುದೂ ಆ ಮಾತಿನ ಮೇಲೆಯೇ.

ಹಗ್ಗ ಕಟ್ಟಿ ಗೂಟ ಹೊಡೆದು ಸಾಲು ಎಳೆಯಲು ಸೋಮಾರಿತನ ಮಾಡಬಾರದು. ಸಾಲಿನ ತುದಿಯಲ್ಲಿ ಬದುವಿನವರೆಗೂ ಬೆಳೆ ತುಂಬಿಸುವ ಆಸೆಯನ್ನೂ ಬಿಡಬೇಕು. ಟಿಲ್ಲರ್ ತಿರುಗಲು ಐದಾರು ಅಡಿ ಖಾಲಿ ಜಾಗ ಬೇಕು. ಆ ಜಾಗ ಬಿಡದವರು ತುದಿಯ ನಾಲ್ಕು ಗಿಡಗಳನ್ನು ಪ್ರತಿ ಸಾಲಿಗೂ ತುಳಿದು, ಬಿಟ್ಟಿದ್ದರೆ ಹೋಗುತ್ತಿದ್ದುದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ.

ಸಾಲಾಯಿತು, ಇನ್ನು ಹೊತ್ತು. ಕಳೆ ಕಣ್ಣಿಗೆ ಬೀಳುವ ಮೊದಲೇ ತೆಗೆಯುವುದು ಉತ್ತಮ ಎಂದರೆ ಕೇಳುವವರಿಗೆ ವಿಚಿತ್ರ ಎನಿಸಬಹುದು. ಬಿತ್ತಿದ ಕೆಲವು ದಿನಕ್ಕೆ ಎಡೆಯಲ್ಲಿ ಕೂತು ಬೆರಳಿನಿಂದ ಮೇಲ್ಮಣ್ಣು ಸರಿಸಿ ನೋಡಿ. ಇನ್ನೂ ಹೊರಗೆ ಬಾರದ, ಬೆಳ್ಳಗೆ ಸಣ್ಣಗೆ ನೂಲಿನೆಳೆಯಷ್ಟೇ ಇರುವ ಮೊಳಕೆಗಳು ಸಿಗುತ್ತವೆ. ಆ ಹಂತದಲ್ಲಿ ಮಣ್ಣು ಸ್ವಲ್ಪ ಕದಲಿ ಬಿಸಿಲು ತಾಗಿದರೂ ಅವು ಮಧ್ಯಾಹ್ನದೊಳಗೆ ಒಣಗುತ್ತವೆ. ಎರಡೆಲೆ ಬಂದ ಮೇಲೂ ಪರವಾಗಿಲ್ಲ. ಗೇಣುದ್ದ ಆದ ಮೇಲೆ ಟಿಲ್ಲರ್ ಇಳಿಸಿದರೆ ಅರ್ಧ ಕಳೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಇನ್ನರ್ಧ ಮಣ್ಣಿನಲ್ಲಿ ಹೂತು ಮತ್ತೆ ಬೇರು ಬಿಡುತ್ತದೆ. ಬಹುಪಾಲು ತರಕಾರಿ ಬೆಳೆಗಳಿಗೆ ಮೊದಲ ಒಂದೂವರೆ ತಿಂಗಳು ಹೊಲ ಚೊಕ್ಕಟವಾಗಿರಬೇಕು. ಆಮೇಲೆ ಬೆಳೆಯ ನೆರಳೇ ಕಳೆಯನ್ನು ಅದುಮಿಡುತ್ತದೆ. ಆ ಒಂದೂವರೆ ತಿಂಗಳಲ್ಲಿ ಎರಡು ಸಲ, ಹೆಚ್ಚೆಂದರೆ ಮೂರು ಸಲ ಟಿಲ್ಲರ್ ಓಡಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಬೇಕು. ಮುಂದೆ ಇಡೀ ಹಗಲಿನ ಬಿಸಿಲು ಇದ್ದರೆ ಕಿತ್ತ ಕಳೆ ಒಣಗಿ ಗೊಬ್ಬರವಾಗುತ್ತದೆ; ಸಂಜೆ ಮೋಡ ಕವಿದಾಗ ಕಿತ್ತದ್ದು ರಾತ್ರಿಯ ತೇವ ಕುಡಿದು ಎದ್ದು ಕೂರುತ್ತದೆ.

ಮಣ್ಣಿನ ಹದದ ವಿಚಾರದಲ್ಲಿ ನಾನು ತುಂಬ ಕಟ್ಟುನಿಟ್ಟು. ಒಂದು ಹಿಡಿ ಮಣ್ಣು ತೆಗೆದು ಅದುಮಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಪುಡಿಪುಡಿಯಾಗಿ ಉದುರಿದರೆ ಹದ ಇದೆ. ಹಿಟ್ಟಿನಂತೆ ಅಂಟಿ ಬೆರಳಿನ ಗುರುತು ಮೂಡಿದರೆ ಟಿಲ್ಲರ್ ಹೊರಗೆ ತೆಗೆಯಲೇಬಾರದು. ಹಸಿ ಮಣ್ಣಿನಲ್ಲಿ ತಿರುಗುವ ಬ್ಲೇಡು ತಾನು ಮುಟ್ಟಿದ ತಳವನ್ನು ಸವರಿ ಸವರಿ ಗಟ್ಟಿ ಮಾಡುತ್ತದೆ. ಆ ಗಟ್ಟಿ ಪದರದ ಕೆಳಗೆ ನೀರೂ ಇಳಿಯದು, ಬೇರೂ ಇಳಿಯದು. ಎರೆಭೂಮಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ಕೆಂಪು ಮಣ್ಣು ಮಳೆ ನಿಂತ ಒಂದೆರಡು ದಿನಕ್ಕೆ ಹದಕ್ಕೆ ಬರುತ್ತದೆ. ಎರೆ ನಾಲ್ಕೈದು ದಿನ ಕಾಯಿಸುತ್ತದೆ, ಆಮೇಲೆ ಬಿಟ್ಟರೆ ಕಲ್ಲಾಗುತ್ತದೆ. ಎರೆಹೊಲದವರು ಹದ ತಪ್ಪಿಸಿಕೊಳ್ಳದಿರಲು ಪಡುವ ಅವಸರ ಎಷ್ಟು ನ್ಯಾಯವಾದದ್ದು ಎಂದು ವಿಜಯಪುರದ ಕಡೆ ಹೋದಾಗ ನನಗೆ ಮನವರಿಕೆಯಾಯಿತು.

ಇಲ್ಲೊಂದು ವಿಷಯ ಹೇಳಬೇಕು. ಆಳವಾಗಿ ಕೆದಕಿದಷ್ಟೂ ಕಳೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜ ಇದಕ್ಕೆ ತಿರುವುಮುರುವು. ನೆಲದೊಳಗೆ ವರ್ಷಗಟ್ಟಲೆ ಮಲಗಿರುವ ಕಳೆಬೀಜಗಳ ದೊಡ್ಡ ಭಂಡಾರವೇ ಇದೆ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರಜ್ಞ 20 ಬಾಟಲಿಗಳಲ್ಲಿ ಮರಳಿನ ಜೊತೆ ಕಳೆಬೀಜ ತುಂಬಿ ಹೂತಿಟ್ಟ. ಒಂದೊಂದು ಬಾಟಲಿಯಲ್ಲೂ 21 ಜಾತಿ, ಜಾತಿಗೆ 50 ಬೀಜ. ಬೀಜ ಎಷ್ಟು ವರ್ಷ ಬದುಕಿರುತ್ತದೆ ಎಂದು ನೋಡಲು ಒಂದೊಂದೇ ಬಾಟಲಿ ತೆಗೆಯುತ್ತ ಬಂದರು. ಅವನ ಕಾಲ ಮುಗಿದ ಮೇಲೂ ಆ ಕೆಲಸ ನಿಲ್ಲಲಿಲ್ಲ. 2021ರಲ್ಲಿ, ಅಂದರೆ 142 ವರ್ಷದ ನಂತರ ತೆಗೆದ ಬಾಟಲಿಯ ಬೀಜಗಳೂ ಮೊಳೆತವು! ಎಲ್ಲ ಜಾತಿಯವಲ್ಲ, ಆದರೆ ಮೊಳೆತವು. ಅನೇಕ ಕಳೆಬೀಜಗಳಿಗೆ ಏಳಲು ಬೆಳಕು ಬೇಕು. ಮಣ್ಣು ಮಗುಚಿದಾಗ ಒಂದು ಕ್ಷಣ ಬೆಳಕು ಕಂಡರೂ ಸಾಕು. ಆರು ಅಂಗುಲ ಆಳ ಮಗುಚಿದವನು ಈ ಸಾಲಿನ ಕಳೆ ಕಿತ್ತು, ಹತ್ತು ವರ್ಷದ ಹಿಂದಿನ ಕಳೆಯನ್ನು ಎಬ್ಬಿಸಿ ಕೂರಿಸುತ್ತಾನೆ. ಬೆಳೆಯ ಮೇಲುಬೇರುಗಳನ್ನೂ ಕತ್ತರಿಸುತ್ತಾನೆ. ಎಡೆಕುಂಟೆ ಕ್ಷೌರದ ಕತ್ತಿಯ ಹಾಗೆ ಮೇಲಿನ ಒಂದು, ಒಂದೂವರೆ ಅಂಗುಲದಲ್ಲೇ ಕಳೆಯ ಬೇರನ್ನು ಕೊಯ್ದು ಹೋಗುತ್ತದಲ್ಲ, ಟಿಲ್ಲರಿನಿಂದಲೂ ಅಷ್ಟೇ ಕೆಲಸ ಕೇಳಬೇಕು. ಮೇಲೆ ಒಂದೂವರೆ ಅಂಗುಲ ಸಡಿಲ ಮಣ್ಣು ಕೂತರೆ ಕೆಳಗಿನ ತೇವ ಆವಿಯಾಗಿ ಹೋಗುವುದೂ ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಇದೇ ಬೆಳೆ ಉಳಿಸುತ್ತದೆ.

ಆಳ ನಿಲ್ಲಿಸುವುದು ಹಿಂದಿರುವ ಆ ಕಬ್ಬಿಣದ ಕಡ್ಡಿಯ ಕೆಲಸ. ಟಿಲ್ಲರ್ ಕೊಂಡು ವರ್ಷವಾದರೂ ಈ ಕಡ್ಡಿಯ ಗುಟ್ಟು ತಿಳಿಯದೆ ತೋಳು ನೋಯಿಸಿಕೊಳ್ಳುವವರನ್ನು ನೋಡಿದ್ದೇನೆ. ಕಡ್ಡಿಯಲ್ಲಿ ನಾಲ್ಕೈದು ತೂತುಗಳಿರುತ್ತವೆ. ಪಿನ್ ತೆಗೆದು ಕಡ್ಡಿಯನ್ನು ಕೆಳಗಿಳಿಸಿದರೆ ಅದು ನೆಲಕ್ಕೆ ಆಳವಾಗಿ ಊರಿ ಯಂತ್ರವನ್ನು ಹಿಂದಕ್ಕೆ ಹಿಡಿಯುತ್ತದೆ. ಮುಂದೆ ಹೋಗಲಾರದ ಬ್ಲೇಡುಗಳು ನಿಂತ ಕಡೆಯೇ ಅಗೆಯುತ್ತವೆ. ಮೇಲಕ್ಕೆ ಎತ್ತಿ ಪಿನ್ ಹಾಕಿದರೆ ಯಂತ್ರ ಹಗುರಾಗಿ ಮುಂದೆ ಸಾಗುತ್ತ ಮೇಲ್ಮಣ್ಣನ್ನಷ್ಟೇ ಕೆದಕುತ್ತದೆ. ಕಳೆಗೆ ಬೇಕಾದದ್ದು ಇದು. ಆದರೆ ತೀರ ಎತ್ತಿಬಿಟ್ಟರೆ ಗಟ್ಟಿ ನೆಲದ ಮೇಲೆ ಬ್ಲೇಡುಗಳೇ ಚಕ್ರವಾಗಿ ಯಂತ್ರ ಓಟ ಕೀಳುತ್ತದೆ, ಹಿಡಿದವರನ್ನು ಎಳೆದುಕೊಂಡು ಹೋಗುತ್ತದೆ. ಮಧ್ಯದ ತೂತಿನಿಂದ ಶುರು ಮಾಡಿ ಅರ್ಧ ಸಾಲು ನಡೆಸಿ ನೋಡಿ, ಹಿಂದೆ ತಿರುಗಿ ಕೈಯಿಂದ ಮಣ್ಣು ಸರಿಸಿ ಆಳ ಅಳೆದು, ಆಮೇಲೆ ಒಂದು ತೂತು ಮೇಲೆ ಅಥವಾ ಕೆಳಗೆ. ಹಿಡಿಯನ್ನು ಅದುಮಿದರೆ ಕಡ್ಡಿ ಆಳಕ್ಕಿಳಿಯುತ್ತದೆ, ಸಡಿಲ ಬಿಟ್ಟರೆ ಯಂತ್ರ ಮುಂದೆ ಸಾಗುತ್ತದೆ. ಇದು ಕೈಗೆ ಹತ್ತಿದ ಮೇಲೆ ತೋಳಿನ ಬಲ ಬೇಕಾಗುವುದೇ ಇಲ್ಲ. ಹೊಸಬರು ಹಿಡಿಯನ್ನು ಬಿಗಿಹಿಡಿದು ಯಂತ್ರವನ್ನು ನೂಕುತ್ತಾರೆ. ನೂಕಬಾರದು. ಅದು ಹೋಗುತ್ತದೆ, ನಾವು ಹಿಂದೆ ನಡೆದು ದಾರಿ ತಪ್ಪದಂತೆ ನೋಡಿಕೊಂಡರೆ ಆಯಿತು.

ಬ್ಲೇಡಿನ ಕಥೆಯೂ ಸೊಗಸಾಗಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಗಿಲ್ಗಾಂಡ್ರ ಎಂಬ ಊರು. ಅಲ್ಲಿ ತಂದೆಯ ಹೊಲದಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ಹುಡುಗ 1912ರಲ್ಲಿ ಉಗಿ ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ಮಣ್ಣು ಕೆದಕುವ ಚಕ್ರ ತಿರುಗಿಸುವ ಪ್ರಯೋಗ ಶುರು ಮಾಡಿದ. ನೇಗಿಲು ಎಳೆದರೆ ನೆಲ ಅದುಮಿ ಗಟ್ಟಿಯಾಗುತ್ತದೆ, ತಿರುಗುವ ಬ್ಲೇಡಾದರೆ ಹಾಗಾಗದು ಎಂಬುದು ಅವನ ಎಣಿಕೆ. ಆದರೆ ಅವನ ಮೊದಲ ಬ್ಲೇಡುಗಳು ಮಣ್ಣನ್ನು ಪಕ್ಕಕ್ಕೆ ಎರಚುತ್ತಿದ್ದವು. ತಿದ್ದಿ ತಿದ್ದಿ ಕೊನೆಗೆ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ತುದಿ ಮಡಚಿದ ಬ್ಲೇಡನ್ನು ಚಿಕ್ಕ ಉರುಳೆಗೆ ಜೋಡಿಸಿದಾಗ ಕೆಲಸ ಹದಕ್ಕೆ ಬಂತು. 1920ರಲ್ಲಿ ಪೇಟೆಂಟ್, 1922ರಲ್ಲಿ ಕಂಪನಿ. ಇವತ್ತು ನಮ್ಮ ಹೊಲದಲ್ಲಿ ತಿರುಗುವ ಎಲ್ ಬ್ಲೇಡು ಅವನು ತಿದ್ದಿ ಕೊಟ್ಟದ್ದೇ. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ವಿಎಸ್‌ಟಿ ಕಂಪನಿ ಪವರ್ ಟಿಲ್ಲರ್ ತಯಾರಿಸಲು ಹೊರಟಿತು. ಅದು ಗದ್ದೆಯ ದೊಡ್ಡ ಯಂತ್ರ, ಉಳುಮೆಗೆ. ಈಗಿನ ಎಡೆಸಾಲಿನ ಯಂತ್ರ ಅದರ ಮುಂದೆ ಚಿಕ್ಕ ಮಗು. ಆದರೂ ಎರಡರ ಹೊಟ್ಟೆಯಲ್ಲೂ ಇರುವ ವಿದ್ಯೆ ಒಂದೇ.

ಬ್ಲೇಡು ಜೋಡಿಸುವಾಗ ಎಡ ಬಲ ನೋಡುವುದು ಬಹಳ ಮುಖ್ಯ. ಚೂಪಾದ ಅಂಚು ಯಂತ್ರ ಮುಂದೆ ಹೋಗುವಾಗ ಮೊದಲು ಮಣ್ಣಿಗೆ ತಾಗಬೇಕು. ಎಡದ ಸೆಟ್ಟನ್ನು ಬಲಕ್ಕೆ ಹಾಕಿದರೆ ಬೆನ್ನಿನಿಂದ ನೆಲ ಬಡಿದಂತೆ. ಯಂತ್ರ ಕುಣಿಯುತ್ತದೆ, ಕಳೆ ಹಾಗೆಯೇ ನಿಲ್ಲುತ್ತದೆ, ಪೆಟ್ರೋಲ್ ಮಾತ್ರ ಖರ್ಚಾಗುತ್ತದೆ. ತುದಿಗಳಿಗೆ ದುಂಡನೆಯ ತಗಡಿನ ಪಕ್ಕತಟ್ಟೆ ಬರುತ್ತದಲ್ಲ, ಅದನ್ನು ತೆಗೆದು ಮೂಲೆಗೆ ಎಸೆಯಬೇಡಿ. ಎಳೆಯ ಗಿಡದ ಮೇಲೆ ಮಣ್ಣು ಹಾರಿ ಬೀಳದಂತೆ ತಡೆಯುವುದು ಅದೇ. ಹನಿ ನೀರಾವರಿ ಮಾಡಿರುವವರು ಪೈಪನ್ನು ಗಿಡದ ಬುಡಕ್ಕೆ ಸರಿಸಿ, ಸಾಲಿನುದ್ದಕ್ಕೂ ಕಣ್ಣಾಡಿಸಿಕೊಂಡೇ ಯಂತ್ರ ಇಳಿಸಬೇಕು. ಬ್ಲೇಡಿಗೆ ಪೈಪ್ ಸಿಕ್ಕಿದರೆ ಕಣ್ಣು ಮಿಟುಕಿಸುವುದರೊಳಗೆ ಹತ್ತು ಅಡಿ ಸುತ್ತಿಕೊಂಡಿರುತ್ತದೆ.

ಈಗ ಗರಿಕೆಯ ಮಾತು. ಗಣಪತಿಗೆ ಪ್ರಿಯವಾದ ಗರಿಕೆ ಹೊಲಕ್ಕೆ ಬಂದರೆ ಟಿಲ್ಲರಿನಿಂದ ಅದನ್ನು ತೆಗೆಯುತ್ತೇನೆ ಎನ್ನುವುದು ಅಪಾಯ. ಅದರ ಬಳ್ಳಿಯನ್ನು ಬ್ಲೇಡು ತುಂಡು ತುಂಡು ಮಾಡುತ್ತದೆ, ಒಂದೊಂದು ಗೆಣ್ಣಿನ ತುಂಡೂ ಒಂದೊಂದು ಗಿಡವಾಗುತ್ತದೆ. ಬದುವಿನ ಮೂಲೆಯಲ್ಲಿದ್ದ ಗರಿಕೆಯನ್ನು ಟಿಲ್ಲರೇ ಹೊಲದ ತುಂಬ ಬಿತ್ತಿಕೊಟ್ಟಂತಾಗುತ್ತದೆ. ಕೊನ್ನಾರಿಯೂ ಹಾಗೆಯೇ. ಮೇಲೆ ನಾಲ್ಕು ಎಲೆ, ಕೆಳಗೆ ನಾರಿನಿಂದ ಒಂದಕ್ಕೊಂದು ಕೂಡಿಕೊಂಡ ಗೆಡ್ಡೆಗಳ ಸರ. ಪಂಡಿತರು ಭದ್ರಮುಷ್ಟಿ ಎಂದು ಔಷಧಕ್ಕೆ ಬಳಸುವ ಅದೇ ಗೆಡ್ಡೆ. ಸರ ಹರಿದರೆ ಬಿಡಿಬಿಡಿ ಗೆಡ್ಡೆಗಳೆಲ್ಲ ಚಿಗುರುತ್ತವೆ. ಇವೆರಡಕ್ಕೂ ಬೇಸಿಗೆಯೇ ಮದ್ದು. ಬೆಳೆ ಇಲ್ಲದ ಕಾಲದಲ್ಲಿ ಆಳವಾಗಿ ಉತ್ತು, ಬೇರು ಗೆಡ್ಡೆ ಮೇಲೆ ಬರುವಂತೆ ಮಾಡಿ, ಏಪ್ರಿಲ್ ಬಿಸಿಲಿಗೆ ಒಣಗಲು ಬಿಟ್ಟು, ಹಲುಬೆಯಲ್ಲಿ ಎಳೆದು ಆಯ್ದು ಸುಡಬೇಕು. ಬೆಳೆಯ ನಡುವೆ ಕಂಡ ಗರಿಕೆಯ ತೇಪೆಯನ್ನು ವಾರೆಗುದ್ದಲಿಯಿಂದ ಎತ್ತಿದ ಮೇಲೆಯೇ ಟಿಲ್ಲರ್ ಆ ಕಡೆ ಹೋಗಬೇಕು. ಕಾಂಗ್ರೆಸ್ ಗಿಡ ಹಾಗಲ್ಲ. ಹೂ ಬಿಡುವ ಮುಂಚೆ ಸಿಕ್ಕಿದರೆ ಟಿಲ್ಲರಿಗೆ ಸುಲಭದ ತುತ್ತು.

ಯಂತ್ರದ ಆರೈಕೆ ನನಗೆ ಹೊಲದ ಕೆಲಸದಷ್ಟೇ ಇಷ್ಟವಾದ ಕೆಲಸ. ಸಂಜೆ ಯಂತ್ರ ಮನೆಗೆ ಬಂದೊಡನೆ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡಬೇಕು, ಆಮೇಲೆ ಬ್ಲೇಡು ಮುಟ್ಟಬೇಕು. ಬ್ಲೇಡಿನ ಶಾಫ್ಟಿಗೂ ಗೇರ್‌ಬಾಕ್ಸಿಗೂ ನಡುವಿನ ಕಿರಿದಾದ ಸಂದಿಯನ್ನು ಹತ್ತಿರದಿಂದ ನೋಡಿ. ಗರಿಕೆಯ ಬಳ್ಳಿ, ಹಳೆಯ ಮಲ್ಚಿಂಗ್ ಹಾಳೆಯ ಚೂರು, ಟೊಮೆಟೊ ಕಟ್ಟುವ ದಾರ, ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ಎಲ್ಲವೂ ಅಲ್ಲಿ ಬಿಗಿಯಾಗಿ ಸುತ್ತಿ, ಮಣ್ಣು ಕೂಡಿ ಗಟ್ಟಿಯಾದ ಒಂದು ಬಳೆಯಾಗಿರುತ್ತದೆ. ಅದರೊಳಗೆ ರಬ್ಬರಿನ ಆಯಿಲ್ ಸೀಲ್ ಇದೆ. ಪ್ಲಾಸ್ಟಿಕ್ ಎಳೆ ಸೀಲಿನ ತುಟಿಗೆ ನುಸುಳಿತೆಂದರೆ ಗೇರ್ ಆಯಿಲ್ ತೊಟ್ಟಿಕ್ಕಲು ಶುರುವಾಗುತ್ತದೆ. ಹೊರಗಿಂದ ಮಣ್ಣು ಒಳಗೆ ಹೋಗುತ್ತದೆ. ನೂರಿನ್ನೂರು ರೂಪಾಯಿಯ ಸೀಲಿಗಾಗಿ ಸಾವಿರಾರು ರೂಪಾಯಿಯ ಗೇರು ಸವೆಯುತ್ತದೆ. ಆರ್ ಆಕಾರದ ಪಿನ್ ಎಳೆದು, ಬ್ಲೇಡಿನ ಸೆಟ್ಟನ್ನೇ ಕಳಚಿ, ಹಳೆಯ ಕುಡುಗೋಲಿನ ತುದಿಯಿಂದ ಆ ಬಳೆಯನ್ನು ಕೊಯ್ದು ಬಿಡಿಸಬೇಕು. ಶಾಫ್ಟಿಗೆ ಸ್ವಲ್ಪ ಗ್ರೀಸ್ ಸವರಿ ಮತ್ತೆ ಜೋಡಿಸಿದರೆ ಮುಂದಿನ ಸಲ ಕಳಚಲು ಸುತ್ತಿಗೆ ಬೇಕಾಗುವುದಿಲ್ಲ. ಗೇರ್‌ಬಾಕ್ಸಿನ ಆಯಿಲ್ ಇಳಿದಿದೆಯೋ ಎಂದು ಆಗಲೇ ನೋಡಿಬಿಡಬೇಕು. ಹೆಚ್ಚಿನವಕ್ಕೆ 80ಡಬ್ಲ್ಯು-90 ಗೇರ್ ಆಯಿಲ್ ಹೇಳಿರುತ್ತಾರೆ. ಎಂಜಿನ್ನಿಗೆ ಹಾಕುವ ಆಯಿಲನ್ನು ಇಲ್ಲಿಗೆ ಹಾಕಬಾರದು.

ಎಂಜಿನ್ನಿನಲ್ಲಿ ಎರಡು ಬಗೆ. ಟು ಸ್ಟ್ರೋಕ್ ಆದರೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಯಂತ್ರದ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಎಂಎಲ್, 50ಕ್ಕೆ 1 ಎಂದಿದ್ದರೆ 20 ಎಂಎಲ್. ಕಣ್ಣಂದಾಜು ಬೇಡ, ಮಕ್ಕಳ ಔಷಧದ ಮುಚ್ಚಳದಲ್ಲಾದರೂ ಅಳೆಯಿರಿ. ಬೇರೆ ಡಬ್ಬಿಯಲ್ಲಿ ಬೆರೆಸಿ ಕುಲುಕಿ ಆಮೇಲೆ ಟ್ಯಾಂಕಿಗೆ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲ್ ಬೇರೆ, ಆಯಿಲ್ ಬೇರೆ. ಏಳು ಎಚ್‌ಪಿಯ ಯಂತ್ರಕ್ಕೆ ಹಿಡಿಯುವುದು ಸುಮಾರು 600 ಎಂಎಲ್. ಭುಜಕ್ಕೆತ್ತಿಕೊಂಡು ಹೋಗಬಹುದಾದ ಚಿಕ್ಕ ಯಂತ್ರಕ್ಕೆ 100 ಎಂಎಲ್ ಕೂಡ ಇಲ್ಲ, ಒಂದು ಟೀ ಲೋಟ ಎನ್ನಿ. ಅಷ್ಟು ಕಡಿಮೆ ಆಯಿಲ್ ಇರುವ ಎಂಜಿನ್ನಿನಲ್ಲಿ ಸ್ವಲ್ಪ ಇಳಿದರೂ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ದಿನಾ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಆಯಿಲ್ ಕಡ್ಡಿ ನೋಡಬೇಕು. ಹೊಸ ಯಂತ್ರದ ಮೊದಲ ಆಯಿಲನ್ನು 20 ಗಂಟೆಗೇ ಬದಲಿಸಬೇಕು. ಆ ಆಯಿಲನ್ನು ಬಿಳಿ ಬಟ್ಟಲಿಗೆ ಸುರಿದು ಬಿಸಿಲಿಗೆ ಹಿಡಿದರೆ ಸಣ್ಣ ಲೋಹದ ಪುಡಿ ಮಿನುಗುವುದು ಕಾಣುತ್ತದೆ. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಂಡಾಗ ಉದುರಿದ್ದು ಅದು. ಒಮ್ಮೆ ಅದನ್ನು ಕಂಡವರು ಆಯಿಲ್ ಬದಲಿಸುವುದನ್ನು ಮುಂದೂಡುವುದಿಲ್ಲ.

ಏರ್ ಫಿಲ್ಟರ್ ವಿಚಾರದಲ್ಲಿ ಪುಸ್ತಕದ ಮಾತನ್ನು ಮೀರಬೇಕು. 50 ಗಂಟೆಗೊಮ್ಮೆ ತೊಳೆಯಿರಿ ಎಂದು ಬರೆದಿರುತ್ತಾರೆ. ನಮ್ಮ ಕೆಂಪು ಧೂಳಿನಲ್ಲಿ, ಎಂಜಿನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಇರುವಾಗ, ಅದು ದಿನದ ಕೆಲಸ. ಸ್ಪಂಜನ್ನು ಸೋಪಿನ ನೀರಿನಲ್ಲಿ ಹಿಸುಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ಹಿಂಡಿ ಹಾಕಬೇಕು. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದೂ ಒಳ್ಳೆಯ ಅಭ್ಯಾಸ. ತಿಳಿ ಕಂದು ಇದ್ದರೆ ಎಂಜಿನ್ನು ಸುಖವಾಗಿದೆ. ಕಪ್ಪು ಮಸಿ ಕಟ್ಟಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ಚೋಕ್ ಹಾಕಿಯೇ ಓಡಿಸಿದ್ದೀರಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ನು ಕಾಯುತ್ತಿದೆ. ತುದಿಯ ಸಂದು 0.7ರಿಂದ 0.8 ಎಂಎಂ ಇರಬೇಕು.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರೆಯಾಗಿ ತಳಕ್ಕಿಳಿಯುತ್ತದೆ. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ, ಕೂದಲೆಳೆ ದಪ್ಪದ ಜೆಟ್ಟಿನ ತೂತನ್ನು ಮುಚ್ಚುತ್ತದೆ. ಬೆಳೆ ಮುಗಿದ ಮೇಲೆ ಹಾಗೇ ಮೂಲೆಗೆ ತಳ್ಳಿದ ಯಂತ್ರ ಮುಂದಿನ ಮುಂಗಾರಿಗೆ ಎಷ್ಟು ಹಗ್ಗ ಎಳೆದರೂ ಏಳದಿರಲು ಹೆಚ್ಚಾಗಿ ಇದೇ ಕಾರಣ. ಬಿಡುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಕಾಕ್ ಮುಚ್ಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಸುರಿಯಬೇಕು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದಿಟ್ಟರೆ ಒಳಗೆ ತುಕ್ಕು ಹಿಡಿಯದು. ಇಲಿಗಳು ಫ್ಯಾನಿನ ಕವರಿನೊಳಗೆ ಗೂಡು ಕಟ್ಟದಂತೆ ನೋಡಿಕೊಳ್ಳಿ. ಗೂಡಿನ ಹುಲ್ಲು ಸಿಲಿಂಡರಿನ ರೆಕ್ಕೆಗಳನ್ನು ಮುಚ್ಚಿದರೆ ಗಾಳಿಯಾಡದೆ ಎಂಜಿನ್ನು ಸುಡುತ್ತದೆ.

ಅಪಾಯದ ಮಾತನ್ನು ನೇರವಾಗಿ ಹೇಳುತ್ತೇನೆ. ಈ ಯಂತ್ರ ಕಾಲು ಕತ್ತರಿಸುತ್ತದೆ. ರಿವರ್ಸ್ ಗೇರ್ ಇರುವ ಯಂತ್ರದಲ್ಲಿ ಹಿಂದೆ ಬದು ಅಥವಾ ಮರ ಇದ್ದರೆ, ನಡೆಸುವವರು ಸಿಕ್ಕಿಕೊಂಡು ಬ್ಲೇಡಿನ ಕಡೆಗೇ ಎಳೆಯಲ್ಪಡುತ್ತಾರೆ. ಹಿಡಿಯಲ್ಲಿ ಒತ್ತಿ ಹಿಡಿದರೆ ಮಾತ್ರ ಬ್ಲೇಡು ತಿರುಗುವ ಲಿವರ್ ಇರುವುದು ಇದಕ್ಕಾಗಿಯೇ. ಕೈ ಬಿಟ್ಟೊಡನೆ ನಿಲ್ಲಬೇಕು. ಕೈನೋವೆಂದು ಆ ಲಿವರಿಗೆ ಟ್ಯೂಬಿನ ರಬ್ಬರ್ ಕಟ್ಟಿ ಓಡಿಸುವುದನ್ನು ಎಷ್ಟೋ ಹೊಲಗಳಲ್ಲಿ ಕಂಡಿದ್ದೇನೆ, ಕಂಡಲ್ಲೆಲ್ಲ ಬಿಚ್ಚಿಸಿದ್ದೇನೆ. ಸುತ್ತಿಕೊಂಡ ಕಳೆ ಬಿಡಿಸಲು ಎಂಜಿನ್ನು ಓಡುತ್ತಿರುವಾಗ ಬಗ್ಗಲೇಬಾರದು. ಪಂಚೆ ಮೇಲಕ್ಕೆ ಕಟ್ಟಿರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು, ಕಾಲಿಗೆ ಬೂಟು ಬೇಕೇ ಬೇಕು. ಚಪ್ಪಲಿ ಸಾಲದು.

ಸೆರಗು ಎಂದೆ, ಅದಕ್ಕೆ ಕಾರಣವಿದೆ. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ತುದಿಗಾಲಲ್ಲಿ ಕೂತು ಸರಿಯುತ್ತ, ಸೊಂಟ ಮುರಿದುಕೊಂಡು, ಗಂಡಾಳಿಗಿಂತ ಕಡಿಮೆ ಕೂಲಿಗೆ ಮಾಡುವ ಕೆಲಸ. ಅದಕ್ಕೆ ಯಂತ್ರ ಬಂದೊಡನೆ ಅದನ್ನು ಹಿಡಿಯುವವರು ಗಂಡಸರಾದರು. ಇದು ನನಗೆ ಸರಿ ಕಾಣುವುದಿಲ್ಲ. ಯಂತ್ರ ಕೊಳ್ಳಲು ಹೋಗುವಾಗ ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಬೇಕು. ಸ್ಟಾರ್ಟರಿನ ಹಗ್ಗ ಅವರು ಎಳೆದು ನೋಡಲಿ, ಹಿಡಿಯ ಎತ್ತರವನ್ನು ಅವರ ಸೊಂಟಕ್ಕೆ ಹೊಂದಿಸಿ ನೋಡಲಿ, ಸಾಲಿನ ತುದಿಯಲ್ಲಿ ತಿರುಗಿಸಿ ನೋಡಲಿ. ಎಪ್ಪತ್ತು ಎಂಬತ್ತು ಕಿಲೋ ತೂಗುವ ಯಂತ್ರಕ್ಕಿಂತ ಹದಿನೈದು ಇಪ್ಪತ್ತು ಕಿಲೋದ್ದು ತರಕಾರಿ ಹೊಲಕ್ಕೆ ಸಾಕಾದರೆ ಅದನ್ನೇ ತರಬೇಕು. ನಮ್ಮ ಪಕ್ಕದ ಹೊಲದ ಹೆಣ್ಣುಮಗಳೊಬ್ಬಳು ಬೀನ್ಸ್ ಸಾಲಿನಲ್ಲಿ ಟಿಲ್ಲರ್ ನಡೆಸುವುದನ್ನು ನೋಡಬೇಕು. ಗಿಡಕ್ಕೆ ಎಷ್ಟು ಹತ್ತಿರ ಹೋಗಬಹುದು, ಎಲ್ಲಿ ತಪ್ಪಿಸಬೇಕು ಎಂದು ಅವಳ ಕೈಗೆ ಮೊದಲೇ ಗೊತ್ತು. ವರ್ಷಗಟ್ಟಲೆ ಆ ಸಾಲಿನಲ್ಲಿ ಕೂತು ಕಳೆ ಕಿತ್ತ ಕೈ ಅದು. ಎಂಜಿನ್ನು ಗದ್ದಲ ಮಾಡದೆ ನಿಧಾನಕ್ಕೆ ಸಾಗುತ್ತದೆ, ಹಿಂದೆ ಒಂದು ಗಿಡವೂ ಬಾಗಿರುವುದಿಲ್ಲ. ಗಿಡದ ಬುಡದ ನಾಲ್ಕು ಅಂಗುಲ ಮಾತ್ರ ಆಮೇಲೆ ಕುಡುಗೋಲಿನಿಂದ ಕೆರೆದರೆ ಮುಗಿಯಿತು.

ಕಳೆನಾಶಕ ಹೊಡೆದರೆ ಇಷ್ಟೆಲ್ಲ ತೊಂದರೆ ಇಲ್ಲವಲ್ಲ ಎನ್ನುವವರಿದ್ದಾರೆ. ಅವರಿಗೆ ನಾನು ತೋರಿಸುವುದು ಪಕ್ಕದ ಹೊಲದ ಆ ಹೆಣ್ಣುಮಗಳ ಮಡಿಲನ್ನು. ಟಿಲ್ಲರ್ ಇಳಿಸುವ ಮೊದಲು ಅವಳು ಸಾಲು ಸಾಲು ನಡೆದು ಸೊಪ್ಪು ಬಿಡಿಸಿಕೊಳ್ಳುತ್ತಾಳೆ. ಅಣ್ಣೆಯ ಕುಡಿ, ಗಣಿಕೆ, ಗೋಣಿ ಸೊಪ್ಪು, ಹೊನಗೊನೆ, ದಗ್ಗಲ ಸೊಪ್ಪು. ಯಾವ ಅಂಗಡಿಯಲ್ಲೂ ಒಟ್ಟಿಗೆ ಸಿಗದ ಬೆರಕೆ ಸೊಪ್ಪು. ವಿಷ ಬಿದ್ದ ಹೊಲದಲ್ಲಿ ಇದನ್ನು ಮುಟ್ಟುವಂತಿಲ್ಲ. ಟಿಲ್ಲರ್ ಓಡಿದ ಮೇಲೆ ಇದೆಲ್ಲ ಮಣ್ಣುಪಾಲು. ಹಾಗಾಗಿ ಯಂತ್ರ ನಡೆಸುವವರು ಯಾರೇ ಆಗಲಿ, ಸ್ಟಾರ್ಟರಿನ ಹಗ್ಗ ಎಳೆಯುವ ಮೊದಲು ಅರ್ಧ ಗಂಟೆ ಬುಟ್ಟಿ ಹಿಡಿದು ಎಡೆಸಾಲಿನಲ್ಲಿ ಓಡಾಡಲಿ. ಸೊಪ್ಪು ಎಳೆಯದಾಗಿರುವಾಗಲೇ ರುಚಿ, ಕಳೆ ಎಳೆಯದಾಗಿರುವಾಗಲೇ ಟಿಲ್ಲರಿಗೂ ಹದ, ಎರಡಕ್ಕೂ ದಿನ ಒಂದೇ. ಸೊಪ್ಪನ್ನು ತೊಗರಿಬೇಳೆಯ ಜೊತೆ ಬೇಯಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಮಸೆದು, ಹುಣಿಸೆಹುಳಿ ಬಿಟ್ಟು ಒಗ್ಗರಣೆ ಕೊಟ್ಟರೆ ಮಧ್ಯಾಹ್ನದ ಮುದ್ದೆಗೆ ಮಸ್ಸೊಪ್ಪು ತಯಾರು. ಅಷ್ಟು ಹೊತ್ತಿಗೆ ಅರ್ಧ ಎಕರೆಯ ಎಡೆಯೂ ಮುಗಿದಿರುತ್ತದೆ.